ಅಪ್ಪನ ಕೆರೆ ನೀರನ್ನು ತಿಂಗಳಿಗೊಮ್ಮೆ ಸೋಸಿ ನೋಡಿ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಕಲಬುರಗಿಯ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಶರಣಬಸವೇಶ್ವರ ಕೆರೆಯ, ಅಂದ್ರೆ ನಮ್ಮ ಅಪ್ಪನ ಕೆರೆಯ ದಂಡೆ ಮೇಲೆ ದಿನಾ ವಾಕಿಂಗ್ ಹೋಗುತ್ತೇನೆ. ಜೇಬಲ್ಲಿ ಭೂತಗನ್ನಡಿ, ಕೈಯಲ್ಲೊಂದು ಗಾಜಿನ ಲೋಟ. ನೋಡಿದವರು ನಗುತ್ತಾರೆ, ನಗಲಿ ಬಿಡಿ.

ಜನವರಿಯಲ್ಲಿ ಹಳೇ ಧೋತರದ ಬಟ್ಟೆಯಲ್ಲಿ ಕೆರೆ ನೀರು ಸೋಸಿ, ಆ ಬಟ್ಟೆಯನ್ನು ಲೋಟದ ನೀರಿನಲ್ಲಿ ಜಾಲಾಡಿದೆ. ರವೆ ಕಾಳಿನಷ್ಟು ಜೀವಿಗಳು ತಟಕ್ ತಟಕ್ ಅಂತ ಕುಪ್ಪಳಿಸುವುದು ಬರಿಗಣ್ಣಿಗೇ ಕಂಡಿತು. ನೀರು ಚಿಗಟಗಳು. ಮೇ ತಿಂಗಳಲ್ಲಿ ಅದೇ ಜಾಗ, ಅದೇ ಬಟ್ಟೆ. ಲೋಟದಲ್ಲಿ ಜೋಳದ ಹಿಟ್ಟು ಕದಡಿದ ಹಾಗಿತ್ತು. ಜೀವ ಇತ್ತು, ಆದರೆ ಭೂತಗನ್ನಡಿ ಇಲ್ಲದೆ ಕಾಣಲಿಲ್ಲ.

ಬೇಸಿಗೆಯಲ್ಲಿ ಹೀಗಾಗುವುದು ಸಹಜ. ನೀರು ಬಿಸಿಯಾದರೆ ಇವು ಬೇಗ ಬಲಿತು, ಚಿಕ್ಕದಿರುವಾಗಲೇ ಮೊಟ್ಟೆ ಕಟ್ಟುತ್ತವೆ. ಮೀನೂ ಒಂದು ಕಾರಣ. ಮೀನಿನ ಕಣ್ಣಿಗೆ ಮೊದಲು ಬೀಳುವುದು ದೊಡ್ಡ ಚಿಗಟವೇ ಅಲ್ವಾ? ಅಮೆರಿಕದ ವಿಜ್ಞಾನಿಗಳಾದ ಬ್ರೂಕ್ಸ್ ಮತ್ತು ಡಾಡ್ಸನ್ 1965ರಲ್ಲಿ ಇದನ್ನೇ ತೋರಿಸಿದರು. ಕನೆಕ್ಟಿಕಟ್‌ನ ಕ್ರಿಸ್ಟಲ್ ಲೇಕಿನಲ್ಲಿ 1942ರಲ್ಲಿ ದೊಡ್ಡ ಜೀವಿಗಳಿದ್ದವು. ಆಮೇಲೆ ಇವನ್ನೇ ತಿನ್ನುವ ಒಂದು ಜಾತಿಯ ಮೀನು ಬಂತು. 1964ಕ್ಕೆ ಉಳಿದದ್ದು ಬರೀ ಸಣ್ಣವು.

ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ ಮೀನಿಗೂ ಇವೇ ಊಟ. ಮೀನು ಬೇಡ ಅನ್ನುತ್ತಿಲ್ಲ, ಅದನ್ನೇ ನಂಬಿದವರಿದ್ದಾರೆ. ಆದರೆ ಪಾಚಿ ಸೋಸಿ ತಿನ್ನುವುದರಲ್ಲಿ ದೊಡ್ಡ ಚಿಗಟದ ಮುಂದೆ ಸಣ್ಣವು ಏನೂ ಅಲ್ಲ. ದೊಡ್ಡವು ಹೋದರೆ ನೀರು ಹಸಿರಾಗುವುದು ಜಾಸ್ತಿ. ಚರಂಡಿ ನೀರು ಸೇರುತ್ತಿದ್ದರೆ ಮಾತ್ರ ಯಾವ ಚಿಗಟವೂ ಏನೂ ಮಾಡಲಾರದು, ಆ ಜಗಳ ಬೇರೆ.

ನನ್ನ ಬೇಡಿಕೆ ಸಣ್ಣದು. ವರ್ಷಕ್ಕೊಂದು ಸಲ ನೀರು ನೋಡಿದರೆ ಸಾಲದು. ಮೇನಲ್ಲಿ ಸಣ್ಣವೇ ಸಿಕ್ಕರೆ ಗಾಬರಿ ಬೇಡ. ಜನವರಿಯಲ್ಲೂ ಸಣ್ಣವೇ ಸಿಕ್ಕರೆ ಮೀನು ಮರಿ ಜಾಸ್ತಿಯಾಗಿವೆಯೇನೋ ಅಂತ ಅನುಮಾನ ಪಡಬೇಕು. ಈ ವ್ಯತ್ಯಾಸ ತಿಳಿಯಲು ಹನ್ನೆರಡೂ ತಿಂಗಳ ಲೆಕ್ಕ ಬೇಕು. ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರದ ಮಕ್ಕಳಿಗೆ ಹೇಳಿದರೆ ಖುಷಿಯಿಂದ ಮಾಡುತ್ತಾರೆ. ಒಂದು ಬಲೆ, ಒಂದು ಮೈಕ್ರೋಸ್ಕೋಪ್, ಒಂದು ನೋಟ್‌ಬುಕ್ ಸಾಕು. ಮಳೆಗಾಲದಲ್ಲಿ ಮರಿ ಬಿಡುವ ಮುಂಚೆ ಆ ನೋಟ್‌ಬುಕ್ ಒಮ್ಮೆ ತೆರೆದು ನೋಡಲು ನಿಮ್ಮವರಿಗೆ ಹೇಳಿ.

ಬೆಳಿಗ್ಗೆ ಆರೂವರೆಗೆ ನಾನು ದಂಡೆ ಮೇಲೇ ಇರುತ್ತೇನೆ. ಬಂದರೆ ಲೋಟ ತೋರಿಸುತ್ತೇನೆ.

ಇತಿ,
ಒಬ್ಬ ನಿವೃತ್ತ ಮೇಷ್ಟ್ರು, ಕಲಬುರಗಿ