ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ

ಕ್ಷೇಮ. ಕುಮಟಾ.

ಚಿ. ಮೈತ್ರಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಆರೋಗ್ಯದಿಂದಿದ್ದೇವೆ. ನಿಮ್ಮೆಲ್ಲರ ಕ್ಷೇಮವನ್ನೂ ಬಯಸುತ್ತೇನೆ.

ನೀನು ಕಳಿಸಿದ ಥಾಯ್ಲೆಂಡ್ ಪ್ರವಾಸದ ದಿನಪಟ್ಟಿಯನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಸಂತೋಷವೇ ಆಯಿತು. ನಿನ್ನ ವಯಸ್ಸಿನಲ್ಲಿ ನನಗೆ ಕಾರವಾರದಾಚೆ ಹೋಗುವುದೇ ದೊಡ್ಡ ಪ್ರಯಾಣವಾಗಿತ್ತು. ನೀನು ನಿನ್ನ ಸಂಬಳದಲ್ಲಿ ಉಳಿಸಿದ ಹಣದಿಂದ, ಇಬ್ಬರು ಗೆಳತಿಯರೊಡನೆ ಹನ್ನೊಂದು ದಿನ ಪರದೇಶ ನೋಡಿ ಬರುತ್ತೀಯೆಂದರೆ ಅದಕ್ಕಿಂತ ಹೆಚ್ಚಿನದೇನು ಬೇಕು? ಎರಡನೆಯ ಸಲ ಓದುವಾಗ ಮಾತ್ರ ಕೊನೆಯ ಸಾಲುಗಳ ಹತ್ತಿರ ನಿಂತುಬಿಟ್ಟೆ. ಮೊದಲ ಐದು ದಿನ ಬ್ಯಾಂಕಾಕ್ ಮತ್ತು ಅಯುತ್ಥಯಾ, ಅನಂತರ ಕೋ ತಾವೊ ದ್ವೀಪದಲ್ಲಿ ಸ್ಕೂಬಾ ತರಬೇತಿ, ಕೊನೆಯ ದಿನ ಬೆಳಿಗ್ಗೆ ಎರಡು ಮುಳುಗು, ಮಧ್ಯಾಹ್ನದ ಬೋಟಿನಲ್ಲಿ ಕೋ ಸಮುಯಿ, ಸಂಜೆ ಅಲ್ಲಿಂದ ವಿಮಾನ, ರಾತ್ರಿಯೇ ಬೆಂಗಳೂರಿನ ಕಡೆಗೆ ಇನ್ನೊಂದು ವಿಮಾನ ಎಂದು ಬರೆದಿದ್ದೀಯ. ಇದನ್ನು ಹೀಗೆಯೇ ನಡೆಸಬೇಡ. ಪಟ್ಟಿಯನ್ನು ತಿರುಗಿಸಿ ಬರೆ: ಸಮುದ್ರ ಮೊದಲು, ನಗರ ಆಮೇಲೆ. ಈ ಪತ್ರವನ್ನು ಬರೆಯಲು ಕುಳಿತದ್ದೇ ಇದಕ್ಕಾಗಿ.

ಕಾರಣವನ್ನೂ ಹೇಳುತ್ತೇನೆ, ಹೇಳದಿದ್ದರೆ ಇದೊಂದು ಹಿರಿಯರ ಹೆದರಿಕೆ ಎಂದುಕೊಂಡೀಯ. ಸಮುದ್ರದ ಮೇಲ್ಮೈಯಲ್ಲಿ ನಮ್ಮ ಮೇಲೆ ಒಂದು ವಾಯುಭಾರದಷ್ಟು ಒತ್ತಡವಿರುತ್ತದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ವಾಯುಭಾರ ಸೇರುತ್ತದೆ. ಆ ಒತ್ತಡದಲ್ಲಿ ಸಿಲಿಂಡರಿನ ಗಾಳಿಯನ್ನು ಉಸಿರಾಡುವಾಗ ಅದರಲ್ಲಿರುವ ಸಾರಜನಕ ರಕ್ತದಲ್ಲಿಯೂ ಮಾಂಸದಲ್ಲಿಯೂ ಎಂದಿಗಿಂತ ಹೆಚ್ಚು ಕರಗುತ್ತದೆ. ನಮ್ಮ ಊರಿನ ಗೋಲಿ ಸೋಡಾ ನೆನಪಿಸಿಕೋ. ಗೋಲಿಯನ್ನು ಮೆಲ್ಲನೆ ಒತ್ತಿ ಬಿಟ್ಟರೆ ಅನಿಲ ಸದ್ದಿಲ್ಲದೆ ಹೊರಗೆ ಹೋಗುತ್ತದೆ, ಒಮ್ಮೆಲೇ ಗುದ್ದಿದರೆ ಬಾಟಲಿಯ ತುಂಬ ನೊರೆ. ದೇಹದ ವಿಷಯವೂ ಹಾಗೆಯೇ. ನಿಧಾನವಾಗಿ ಮೇಲೆ ಬಂದು, ಆಮೇಲೆ ಸಾಕಷ್ಟು ಹೊತ್ತು ನೆಲದ ಮೇಲಿದ್ದರೆ ಆ ಸಾರಜನಕ ಉಸಿರಿನ ಮೂಲಕವೇ ಹೊರಟುಹೋಗುತ್ತದೆ. ಅವಸರ ಮಾಡಿದರೆ ಗುಳ್ಳೆಗಳಾಗಿ ಕೀಲುಗಳಲ್ಲಿಯೋ ಬೆನ್ನುಹುರಿಯಲ್ಲಿಯೋ ಕುಳಿತುಬಿಡಬಹುದು.

ಈಗ ವಿಮಾನದ ಮಾತು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟಿರುವುದಿಲ್ಲ, ಸುಮಾರು 2000 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ಬೆಳಿಗ್ಗೆ ಸಮುದ್ರದಲ್ಲಿ 18 ಮೀಟರ್ ಕೆಳಗಿದ್ದವಳು ಸಂಜೆ ಮುಳ್ಳಯ್ಯನಗಿರಿಯ ತುದಿಗೆ ಹಾರಿ ಕುಳಿತಂತೆ ಲೆಕ್ಕ. ಆದ್ದರಿಂದಲೇ ಹಲವು ದಿನ ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂಥ ಸಂಸ್ಥೆಗಳು ಹೇಳುತ್ತವೆ. ನೀನು ಇಡೀ ಒಂದು ದಿನವೆಂದೇ ಹಿಡಿ. ಎರಡು ದಿನವಾದರೆ ನನಗೆ ನಿದ್ದೆ ಬರುತ್ತದೆ.

ಹಾಗಾದರೆ ಹೀಗೆ ಮಾಡು. ಬ್ಯಾಂಕಾಕ್‌ನಲ್ಲಿ ಇಳಿದ ದಿನ ಅಲ್ಲಿಯೇ ತಂಗಿ ಚೆನ್ನಾಗಿ ನಿದ್ದೆ ಮಾಡು. ಮರುದಿನ ರಾತ್ರಿಯ ರೈಲಿನಲ್ಲಿ ಚುಂಫೊನ್‌ಗೆ ಹೋಗಿ, ಬೆಳಗಿನ ಬೋಟು ಹಿಡಿದು ದ್ವೀಪ ಸೇರು. ತರಬೇತಿಗೆ ಬೇಕಾದ ನಾಲ್ಕು ದಿನದ ಜೊತೆಗೆ ಒಂದು ದಿನವನ್ನು ಏನೂ ಬರೆಯದೆ ಖಾಲಿ ಬಿಡು. ಗಾಳಿ ಎದ್ದರೂ ನೆಗಡಿ ಬಂದರೂ ಆ ದಿನ ನಿನ್ನ ಕೈ ಹಿಡಿಯುತ್ತದೆ. ಮರಳುವಾಗ ಬೋಟು, ರೈಲು. ಇವೆರಡೂ ಸಮುದ್ರಮಟ್ಟದಲ್ಲಿಯೇ ಸಾಗುವುದರಿಂದ ತೊಂದರೆಯಿಲ್ಲ. ಕೊನೆಯ ಮೂರು ದಿನ ನಗರ. ನೀನು ಮಾರ್ಚ್ ತಿಂಗಳನ್ನು ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. ಥಾಯ್ ಕೊಲ್ಲಿಯ ಆ ಭಾಗಕ್ಕೆ ದೊಡ್ಡ ಮಳೆ ಬರುವುದು ತಮಿಳುನಾಡಿನ ಹಾಗೆ ಈಶಾನ್ಯದ ಗಾಳಿಯಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ; ಅದೇ ದೇಶದ ಪಶ್ಚಿಮದ ಅಂಡಮಾನ್ ತೀರಕ್ಕೆ ನಮ್ಮ ಕರಾವಳಿಯಂತೆ ನೈಋತ್ಯದ ಮಳೆ. ಒಂದೇ ದೇಶವೆಂದು ಎರಡೂ ಕಡಲನ್ನು ಒಂದೇ ತಿಂಗಳಲ್ಲಿ ನೋಡಲು ಹೊರಟವರು ಒಂದು ಕಡೆ ನಿರಾಶರಾಗುತ್ತಾರೆ.

ಆ ಖಾಲಿ ದಿನದ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಅನುಭವ ಕಾರಣ; ಇದುವರೆಗೆ ನಿನ್ನ ಅಮ್ಮನಿಗೂ ಪೂರ್ತಿ ಹೇಳಿದವನಲ್ಲ. ನಲವತ್ತೊಂದನೆಯ ವಯಸ್ಸಿನಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಮೊದಲ ಸಲ ಮುಳುಗಿದವನು, ಮರುವರ್ಷವೇ ಸರಿಯಾಗಿ ಕಲಿಯಬೇಕೆಂದು ಕೋ ತಾವೊಗೆ ಹೋದೆ. ರಾತ್ರಿಯ ಬಸ್ಸಿನ ಎ.ಸಿ. ಗಾಳಿಗೆ ಮೂಗು ಕಟ್ಟಿತ್ತು. ಬೆಳಿಗ್ಗೆ ದೋಣಿಯಲ್ಲಿದ್ದವರೆಲ್ಲ ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರೆದುರು ‘ನಾನು ಇವತ್ತು ಇಳಿಯುವುದಿಲ್ಲ’ ಎನ್ನಲು ನಾಚಿಕೆಯಾಯಿತು. ಇಳಿಯುವಾಗ ಪ್ರತಿ ಅರ್ಧ ಮೀಟರಿಗೆ ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯ ಒತ್ತಡವನ್ನು ಸಮ ಮಾಡಿಕೊಳ್ಳಬೇಕು, ಅದನ್ನು ಈಕ್ವಲೈಸ್ ಮಾಡುವುದು ಎನ್ನುತ್ತಾರೆ. ಎಡಕಿವಿ ತೆರೆದುಕೊಳ್ಳಲಿಲ್ಲ. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕಾಗಿತ್ತು, ಆಗಲೂ ಆಗದಿದ್ದರೆ ಹಿಂದಿರುಗಬೇಕಾಗಿತ್ತು. ಎಲ್ಲರೂ ಕೆಳಗೆ ಹೋಗುತ್ತಿದ್ದುದನ್ನು ನೋಡಿ ನಾನು ಬಲವಾಗಿ ಊದಿದೆ. ಐದು ಮೀಟರಿನ ಹತ್ತಿರ ಕಿವಿಯೊಳಗೆ ಸೂಜಿ ಚುಚ್ಚಿದಂತಾಯಿತು, ಆಮೇಲೆ ತಲೆ ತಿರುಗಿತು. ಮೇಲೆ ಬಂದಾಗ ಮಾಸ್ಕಿನೊಳಗೆ ರಕ್ತವಿತ್ತು. ಉಳಿದ ನಾಲ್ಕು ದಿನ ದಡದಲ್ಲಿ ಕುಳಿತು ಇತರರ ದೋಣಿಗಳನ್ನು ನೋಡಿದೆ, ಊರಿಗೆ ಬಂದ ಮೇಲೂ ಎರಡು ತಿಂಗಳು ಆ ಕಿವಿ ಮಂದವಾಗಿಯೇ ಇತ್ತು. ಮುಂದಿನ ವರ್ಷ ಮತ್ತೆ ಹೋಗಿ ತರಬೇತಿ ಮುಗಿಸಿದೆನೆಂಬುದು ನಿಜ. ಆದರೆ ಆ ಒಂದು ಬೆಳಿಗ್ಗೆ ಬೇಡ ಎನ್ನುವ ಧೈರ್ಯವಿದ್ದಿದ್ದರೆ ಆ ನೋವೂ ಖರ್ಚೂ ಇರುತ್ತಿರಲಿಲ್ಲ. ನೀನೂ ರೈಲಿನಲ್ಲಿ ಹೊದೆಯಲು ದಪ್ಪನೆಯ ಶಾಲು ಇಟ್ಟುಕೋ. ನೆಗಡಿಯಾದರೆ ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿಯಬೇಡ. ನೀರಿನ ಕೆಳಗಿರುವಾಗ ಮಾತ್ರೆಯ ಪ್ರಭಾವ ಇಳಿದರೆ ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಅದು ಇನ್ನೂ ಕಷ್ಟ.

ತರಬೇತಿಗೆ ಸೇರುವಾಗ ಆರೋಗ್ಯದ ಪ್ರಶ್ನೆಪಟ್ಟಿಯೊಂದನ್ನು ಕೊಡುತ್ತಾರೆ. ಚಿಕ್ಕಂದಿನಲ್ಲಿ ನಿನಗೆ ಉಬ್ಬಸವಿತ್ತು. ಈಗ ಇಲ್ಲವೆಂದು ಅಲ್ಲಿ ‘ಇಲ್ಲ’ ಎಂದು ಗುರುತು ಹಾಕಬೇಡ. ಇಲ್ಲಿಂದ ಹೊರಡುವ ಮೊದಲೇ ವೈದ್ಯರಿಗೆ ಎದೆ, ಕಿವಿ ಎರಡನ್ನೂ ತೋರಿಸಿ, ಡೈವಿಂಗ್‌ಗೆ ಹೋಗುತ್ತಿದ್ದೇನೆಂದು ಸ್ಪಷ್ಟವಾಗಿ ಹೇಳಿ, ಪ್ರಮಾಣಪತ್ರ ತೆಗೆದುಕೋ. ಅವರು ಬೇಡವೆಂದರೆ ಬೇಡ. ಸ್ನಾರ್ಕೆಲ್ ಹಾಕಿಕೊಂಡು ಮೇಲೆ ತೇಲುತ್ತಾ ನೋಡಿದರೂ ಆ ದ್ವೀಪದ ಸುತ್ತ ಹವಳ ಕಾಣುತ್ತದೆ. ಪ್ರಯಾಣ ವಿಮೆಯ ಕಾಗದವನ್ನೂ ಪೂರ್ತಿ ಓದು. ಎಷ್ಟೋ ವಿಮೆಗಳಲ್ಲಿ ಡೈವಿಂಗ್ ಸೇರಿರುವುದಿಲ್ಲ, ಸೇರಿದ್ದರೂ ಆಳಕ್ಕೆ ಮಿತಿಯಿರುತ್ತದೆ. ಡೈವಿಂಗ್ ಶಾಲೆ ಆರಿಸುವಾಗ ದರ ಕೇಳುವ ಮೊದಲು ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳು. ನಾಲ್ಕಕ್ಕಿಂತ ಹೆಚ್ಚೆಂದರೆ ನಾನಾದರೆ ಬೇರೆ ಬಾಗಿಲು ತಟ್ಟುತ್ತೇನೆ. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ ಎಂದು ಕೇಳಿ, ಕಣ್ಣಾರೆ ನೋಡು.

ನೀರಿನ ಕೆಳಗಿನ ನಿಯಮಗಳನ್ನು ಅಲ್ಲಿಯವರು ಕಲಿಸುತ್ತಾರೆ; ನಾನು ಎರಡು ಮೂರನ್ನು ಮಾತ್ರ ಹೇಳುತ್ತೇನೆ. ಉಸಿರನ್ನು ಎಂದೂ ಕಟ್ಟಬೇಡ. 10 ಮೀಟರ್ ಆಳದಲ್ಲಿ ತುಂಬಿಕೊಂಡ ಉಸಿರನ್ನು ಹಿಡಿದುಕೊಂಡೇ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶಕ್ಕೆ ಅಷ್ಟು ಜಾಗವಿಲ್ಲ. ಇಪ್ಪತ್ತರಿಂದ ಹತ್ತು ಮೀಟರಿಗೆ ಬರುವಾಗ ಅದು ಒಂದೂವರೆ ಪಟ್ಟು ಮಾತ್ರ. ಎಂದರೆ ಅಪಾಯ ಹೆಚ್ಚಿರುವುದು ದಡ ಕಂಡಿತೆಂದು ಮನಸ್ಸು ಸಡಿಲವಾಗುವ ಕೊನೆಯ ಕೆಲವು ಮೀಟರುಗಳಲ್ಲಿ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರದೆ, 5 ಮೀಟರಿನಲ್ಲಿ ಮೂರು ನಿಮಿಷ ನಿಂತು, ಆಮೇಲೆ ಬಾ. ಇನ್ನೊಂದು ಮಾತು: ನೀರಿನಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಚೆನ್ನಾಗಿದೆ ಎಂದು ತೋರಿಸಲು ಹೆಬ್ಬೆರಳನ್ನೂ ತೋರುಬೆರಳನ್ನೂ ಉಂಗುರ ಮಾಡಬೇಕು. ಖುಷಿಯಿಂದ ಹೆಬ್ಬೆರಳೆತ್ತಿ ಇಡೀ ಗುಂಪನ್ನು ಮೇಲೆ ಕಳಿಸಿದವರನ್ನು ನಾನು ನೋಡಿದ್ದೇನೆ.

ಮೀನುಗಳಲ್ಲಿ ನೀನು ಹೆದರಬೇಕಾದದ್ದು ತಿಮಿಂಗಿಲ ಶಾರ್ಕಿಗಲ್ಲ. ಅದು ಕಂಡರೆ ನಿನ್ನ ಭಾಗ್ಯ, ಕಾಣಲೇಬೇಕೆಂದು ಹಟ ಹಿಡಿಯಬೇಡ. ಎಚ್ಚರವಿರಬೇಕಾದದ್ದು ಟೈಟನ್ ಟ್ರಿಗರ್ ಮೀನಿನ ಬಗ್ಗೆ. ಮರಳಿನಲ್ಲಿ ಮೊಟ್ಟೆಯಿಟ್ಟು ಕಾಯುವಾಗ ಅದು ತನ್ನ ಗೂಡಿನ ಮೇಲಿನ ನೀರನ್ನೆಲ್ಲ, ಆಲಿಕೆಯಂತೆ ಮೇಲೆ ಹೋದಷ್ಟೂ ಅಗಲವಾಗುವ ಆಕಾರದಲ್ಲಿ, ತನ್ನದೆಂದೇ ಭಾವಿಸುತ್ತದೆ. ಆದ್ದರಿಂದ ಅದು ಅಟ್ಟಿಸಿಕೊಂಡು ಬಂದರೆ ಮೇಲಕ್ಕೆ ಓಡಬಾರದು, ಪಕ್ಕಕ್ಕೆ ಸರಿಯಬೇಕು. ಹವಳವನ್ನು ಬೆರಳ ತುದಿಯಿಂದಲೂ ಮುಟ್ಟಬೇಡ. ಕಲ್ಲಿನಂತೆ ಕಂಡರೂ ಅದು ಜೀವ. ನಿನ್ನ ಪರವಾನಗಿ 18 ಮೀಟರಿನದು. 2011ರಲ್ಲಿ ಅಲ್ಲಿ ಮುಳುಗಿಸಿದ ನೌಕಾಪಡೆಯ ‘ಸತ್ತಕುಟ್’ ಹಡಗು ಸುಮಾರು 30 ಮೀಟರ್ ಆಳದಲ್ಲಿ ನಿಂತಿದೆ. ಯಾರಾದರೂ ‘ಬಾ, ಏನಾಗುವುದಿಲ್ಲ’ ಎಂದರೆ ಮುಂದಿನ ತರಬೇತಿಯ ನಂತರ ಬರುತ್ತೇನೆ ಎಂದು ಹೇಳು. ದ್ವೀಪದಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬೇಡಿ. ಕಡಿದಾದ ಆ ರಸ್ತೆಗಳಲ್ಲಿ ಬಿದ್ದು ಪಟ್ಟಿ ಸುತ್ತಿಕೊಂಡವರನ್ನು ನಾನು ಡೈವಿಂಗ್‌ನಲ್ಲಿ ಗಾಯಗೊಂಡವರಿಗಿಂತ ಹೆಚ್ಚು ಕಂಡೆ.

ಮುಳುಗಿದ ಮೇಲೆ ಕೀಲುನೋವು, ಜೋಮು, ಚರ್ಮದ ಮೇಲೆ ಕೆಂಪು ಗುರುತು, ಎಂದೂ ಇಲ್ಲದ ಆಯಾಸ ಇವುಗಳಲ್ಲಿ ಯಾವುದು ಕಂಡರೂ ನಿದ್ದೆ ಸಾಲದ್ದಕ್ಕೆ ಎಂದು ಸುಮ್ಮನಾಗದೆ ಕೂಡಲೇ ಶಾಲೆಯವರಿಗೆ ತಿಳಿಸು. ಇದೇ ಕಾರಣಕ್ಕೆ, ಮುಳುಗಿದ ದಿನ ಥಾಯ್ ಮಸಾಜ್ ಬೇಡ. ಒತ್ತಿಸಿಕೊಂಡ ನೋವು ಯಾವುದು, ಗುಳ್ಳೆಯ ನೋವು ಯಾವುದು ಎಂಬುದು ತಿಳಿಯದೆ ಹೋಗುತ್ತದೆ. ಅದನ್ನು ಬ್ಯಾಂಕಾಕ್‌ನ ವಾಟ್ ಫೊ ದೇವಾಲಯಕ್ಕೆ ಉಳಿಸಿಕೋ, ಆ ವಿದ್ಯೆಯನ್ನು ಕಲಿಸುವ ಶಾಲೆಯೇ ಅಲ್ಲಿದೆ. 46 ಮೀಟರ್ ಉದ್ದದ ಮಲಗಿದ ಬುದ್ಧನೂ ಅಲ್ಲಿಯೇ. ಅವನ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿದ 108 ಶುಭಚಿಹ್ನೆಗಳನ್ನು ನೋಡದೆ ಬರಬೇಡ.

ನಗರದಲ್ಲಿ ನೀವು ಗುರುತು ಹಾಕಿಕೊಂಡ ಮಾಲ್‌ಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ಒಂದು ಬೆಳಿಗ್ಗೆಯನ್ನು ಸಂಪೂರ್ಣವಾಗಿ ಅರಮನೆಗೂ ಅದರೊಳಗಿನ ಮರಕತ ಬುದ್ಧನ ದೇವಾಲಯಕ್ಕೂ ಮೀಸಲಿಡು. ಭುಜವೂ ಮೊಣಕಾಲೂ ಮುಚ್ಚುವ ಉಡುಪು ಬೇಕು. ಬಾಗಿಲು 8.30ಕ್ಕೆ ತೆರೆಯುತ್ತದೆ, ಬಿಸಿಲೇರುವ ಮೊದಲೇ ಒಳಗಿರು. ದಾರಿಯಲ್ಲಿ ಯಾರಾದರೂ ಸಭ್ಯವಾಗಿ ‘ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ’ ಎಂದು ಟುಕ್‌ಟುಕ್ ಹತ್ತಿಸಲು ಬಂದರೆ ನಂಬದೆ, ಟಿಕೆಟ್ ಕಿಟಕಿಯ ತನಕ ನಡೆದುಹೋಗಿ ಅಲ್ಲಿಯೇ ಕೇಳು. ಮೂರು ಋತುಗಳಿಗೆ ಮೂರು ವಸ್ತ್ರಗಳಿರುವ ಆ ಪುಟ್ಟ ಹಸಿರು ಬುದ್ಧನಿಗೆ ಕೈಮುಗಿದ ಮೇಲೆ ಜನರೆಲ್ಲ ಹೊರಗೆ ಹೊರಟುಬಿಡುತ್ತಾರೆ. ನೀನು ಮಾತ್ರ ಸುತ್ತಲಿನ ಮೊಗಸಾಲೆಗೆ ಹೋಗು. ಅಲ್ಲಿಯ ಗೋಡೆಯ ಮೇಲೆ 178 ಚಿತ್ರಗಳಲ್ಲಿ ರಾಮಕಿಯೆನ್, ಅಂದರೆ ಅವರ ರಾಮಾಯಣ, ಚಿನ್ನದ ಲೇಪದೊಡನೆ ಹರಡಿಕೊಂಡಿದೆ.

ಚಿಕ್ಕವಳಿದ್ದಾಗ ನನ್ನ ಪಕ್ಕದಲ್ಲಿ ಕುಳಿತು ಬೆಳಗಿನ ತನಕ ಯಕ್ಷಗಾನ ನೋಡುತ್ತಿದ್ದವಳು ನೀನು. ಅಲ್ಲಿಯ ಬಿಳಿಯ ಹನುಮಂತನನ್ನು ನೋಡಿ ನಿನಗೆ ಆಶ್ಚರ್ಯವಾಗುತ್ತದೆ. ಅವರ ಕಥೆಯಲ್ಲಿ ಸೇತುವೆಗೆ ಹಾಕಿದ ಕಲ್ಲುಗಳು ಒಂದೊಂದಾಗಿ ಮಾಯವಾಗುತ್ತವೆ. ಹನುಮಂತ ಸಮುದ್ರದೊಳಗೆ ಮುಳುಗಿ ನೋಡಿದರೆ ರಾವಣನ ಮಗಳು, ಮತ್ಸ್ಯಕನ್ಯೆ ಸುವಣ್ಣಮಚ್ಛಾ, ತನ್ನ ಮೀನುಗಳ ಪರಿವಾರದಿಂದ ಆ ಕಲ್ಲುಗಳನ್ನು ಸಾಗಿಸುತ್ತಿರುತ್ತಾಳೆ. ಜಗಳವಾಡಲು ಹೋದವನು ಅವಳಿಗೇ ಮನಸೋಲುತ್ತಾನೆ, ಅವರಿಗೊಬ್ಬ ಮಗನೂ ಹುಟ್ಟುತ್ತಾನೆ. ನಮ್ಮ ಬ್ರಹ್ಮಚಾರಿ ಹನುಮಂತನನ್ನು ಪೂಜಿಸುವ ನಿನ್ನ ಅಜ್ಜಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, ‘ಆ ಸಮುದ್ರದ ಕಥೆ ಹಾಗಿರಬಹುದು’ ಎಂದರು. ನೀನೂ ಅಲ್ಲಿ ಯಾರೊಡನೆಯೂ ಸರಿತಪ್ಪು ವಾದಿಸಬೇಡ. ನಾಲ್ಕು ದಿನ ಅದೇ ಸಮುದ್ರದ ಅಡಿಯಲ್ಲಿದ್ದು ಬಂದು ಆ ಚಿತ್ರಗಳ ಮುಂದೆ ನಿಂತರೆ ಅವು ಬೇರೆಯೇ ಆಗಿ ಕಾಣುತ್ತವೆ. ಸಮುದ್ರ ಮೊದಲು, ನಗರ ಆಮೇಲೆ ಎಂಬುದಕ್ಕೆ ನನಗೆ ಇದೂ ಒಂದು ಕಾರಣ.

ಅಯುತ್ಥಯಾಕ್ಕೆ ಒಂದು ಹಗಲು ಸಾಕು. 1350ರಲ್ಲಿ ಕಟ್ಟಿದ, 1767ರಲ್ಲಿ ಬರ್ಮಾದ ಸೈನ್ಯ ಹಾಳುಗೆಡವಿದ ಆ ರಾಜಧಾನಿಯನ್ನು ನೋಡುವಾಗ ಹಂಪಿ ಕಂಡವರಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಊಟದ ವಿಷಯ: ತರಕಾರಿಯದೆಂದು ಕೊಟ್ಟದ್ದರಲ್ಲಿಯೂ ಮೀನಿನ ರಸ ಬೆರೆತಿರುವುದು ಅಲ್ಲಿ ಸಾಮಾನ್ಯ, ಆದ್ದರಿಂದ ‘ಜೇ’ ಎಂದು ಕೇಳು. ಹಳದಿಯ ಮೇಲೆ ಕೆಂಪು ಅಕ್ಷರದ ಆ ಗುರುತಿರುವ ಅಂಗಡಿಗಳಲ್ಲಿ ಮಾಂಸ, ಮೀನು, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ.

ಸಮುಯಿಯ ವಿಮಾನದ ಟಿಕೆಟನ್ನು ಇಂದೇ ರದ್ದು ಮಾಡು. ಹಣ ಪೂರ್ತಿ ವಾಪಸು ಬರದಿದ್ದರೆ ಕಡಿಮೆಯಾದದ್ದನ್ನು ನಾನು ಕಳಿಸುತ್ತೇನೆ, ಅಮ್ಮನಿಗೆ ಹೇಳಬೇಕಾಗಿಲ್ಲ. ವೈದ್ಯರು ಏನೆಂದರೆಂಬುದನ್ನೂ ತಿರುಗಿಸಿ ಬರೆದ ದಿನಪಟ್ಟಿಯನ್ನೂ ಈ ವಾರದೊಳಗೆ ಬರೆದು ತಿಳಿಸು. ನನ್ನ ಮಾಸ್ಕನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದನ್ನು ಮುಖಕ್ಕೆ ಒತ್ತಿ, ಪಟ್ಟಿ ಹಾಕದೆ, ಮೂಗಿನಿಂದ ಉಸಿರೆಳೆದುಕೊಂಡಾಗ ಬೀಳದೆ ನಿಂತರೆ ನಿನಗೆ ಸರಿಹೊಂದುತ್ತದೆ, ತೆಗೆದುಕೊಂಡು ಹೋಗು. ಮುಂದಿನ ಭಾನುವಾರ ಬೆಂಗಳೂರಿಗೆ ಬರುವಾಗ ತರುತ್ತೇನೆ.

ಇಂತಿ ನಿನ್ನ ಪ್ರೀತಿಯ
ಸೋದರಮಾವ