ಸೊಂಟನೋವಿಗೆ ಮಾತ್ರೆಯ ಜೊತೆ ತಿಳಿವಳಿಕೆಯನ್ನೂ ಕೊಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ದೀರ್ಘಕಾಲದ ಸೊಂಟನೋವೆಂದು ಸರ್ಕಾರಿ ಆಸ್ಪತ್ರೆಗೆ ಬರುವ ಪ್ರತಿಯೊಬ್ಬರಿಗೂ, ಆ ನೋವು ಎಂಥದ್ದು, ಅದನ್ನಿಟ್ಟುಕೊಂಡು ದಿನನಿತ್ಯ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ತರಬೇತಿ ಪಡೆದವರೊಬ್ಬರು ಎದುರು ಕೂತು ವಿವರಿಸುವ ವ್ಯವಸ್ಥೆ ಮಾಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಇದೇ ವಿಷಯವಾಗಿ ತಮ್ಮ ಇಲಾಖೆಗೆ ಹಿಂದೆ ಸಲ್ಲಿಸಿದ ಮನವಿಗಳಿಗೆ ಸ್ವೀಕೃತಿ ಪತ್ರದ ಹೊರತು ಬೇರೇನೂ ಬಂದಿಲ್ಲ.

ನೋವು ಮೂರು ತಿಂಗಳು ದಾಟಿದಾಗ ನನಗೆ ಎಂಆರ್‌ಐ ಮಾಡಿಸಲು ಬರೆದುಕೊಟ್ಟರು. ವರದಿ ಹಿಡಿದು ಹೋದಾಗ ವೈದ್ಯರು ನನ್ನ ಬೆನ್ನನ್ನು ಮುಟ್ಟಿಯೂ ನೋಡಲಿಲ್ಲ. ಫಿಲ್ಮನ್ನು ಬೆಳಕಿಗೆ ಹಿಡಿದು, "ಡಿಸ್ಕ್ ಸವೆದಿದೆ. ಇನ್ನು ಬಗ್ಗಬೇಡಿ, ಭಾರ ಎತ್ತಬೇಡಿ, ಬೆಲ್ಟ್ ಹಾಕಿಕೊಂಡು ರೆಸ್ಟ್ ತಗೊಳ್ಳಿ" ಎಂದರು. "ಎಷ್ಟು ದಿನ ಸಾರ್?" ಎಂದು ಕೇಳುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ಆ ಮಾತನ್ನು ನಂಬಿ, ಕೈಜಾರಿ ಬಿದ್ದ ಬೀಗದ ಕೈಯನ್ನೂ ಮನೆಯವರಿಂದ ಎತ್ತಿಸಿಕೊಳ್ಳುತ್ತ ವರ್ಷಗಟ್ಟಲೆ ಕಳೆದೆ. ಮೈಯ ಕಸುವು ಹೋಯಿತು, ಕೆಲಸ ಹೋಯಿತು. ಬಗ್ಗಿದರೆ ಬೆನ್ನುಮೂಳೆಗೆ ಏನಾದೀತೋ ಎಂಬ ಭಯ ಮಾತ್ರ ಬೆಳೆಯಿತು. ನೋವಿಗಿಂತ ಹೆಚ್ಚಾಗಿ ಆ ಭಯವೇ ನನ್ನನ್ನು ಹಾಸಿಗೆ ಹಿಡಿಸಿತು.

ನೋವೇ ಇಲ್ಲದ ಐವತ್ತರ ವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ಶೇ 80ರಷ್ಟು ಮಂದಿಯಲ್ಲಿ ಇಂಥ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆತ ಕಾಣಿಸುತ್ತದೆ ಎಂಬುದು, ಬಹಳ ತಡವಾಗಿ ಫಿಸಿಯೋಥೆರಪಿಸ್ಟ್ ಒಬ್ಬರು ಬಿಡಿಸಿ ಹೇಳಿದಾಗಲೇ ನನಗೆ ತಿಳಿದದ್ದು. ನಡೆಯಲು ಶುರು ಮಾಡಿದಾಗ ನೋವು ತುಸು ಹೆಚ್ಚಿದರೆ ಬೆನ್ನು ಹಾಳಾಯಿತೆಂದು ಅರ್ಥವಲ್ಲ, ನಡಿಗೆಯನ್ನೂ ವ್ಯಾಯಾಮವನ್ನೂ ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗಬೇಕು ಎಂದು ಅವರು ಹೇಳಿಕೊಟ್ಟರು. ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕೆಂದೂ ಆಗಲೇ ಗೊತ್ತಾಯಿತು. ಇಷ್ಟನ್ನು ಮೊದಲ ದಿನವೇ ಹೇಳಲು ಯಾವ ಯಂತ್ರ ಬೇಕಿತ್ತು?

ವಿಶ್ವ ಆರೋಗ್ಯ ಸಂಸ್ಥೆಯು ಡಿಸೆಂಬರ್ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ತಮ್ಮ ಇಲಾಖೆಗೆ ತಿಳಿಯದ್ದೇನಲ್ಲ. ದೀರ್ಘಕಾಲದ ಸೊಂಟನೋವಿಗೆ ರೋಗಿಯ ತಿಳಿವಳಿಕೆ ಮತ್ತು ವ್ಯಾಯಾಮವನ್ನು ಅದು ಶಿಫಾರಸು ಮಾಡುತ್ತದೆ. ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಇವುಗಳನ್ನು ವಾಡಿಕೆಯಾಗಿ ಕೊಡಬಾರದೆನ್ನುತ್ತದೆ. ಕೊಡಬಾರದೆಂದದ್ದನ್ನು ನನಗೆ ಕೊಟ್ಟರು, ಕೊಡಬೇಕಾದದ್ದನ್ನು ಕೊಡಲಿಲ್ಲ. ಕ್ಷಮಿಸಿ, ಇದನ್ನು ಮೃದುವಾಗಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಆದ್ದರಿಂದ ಮತ್ತೆ ಕೇಳುತ್ತೇನೆ: ವಿವರಿಸುವವರನ್ನು ನೇಮಿಸಿ. ರೋಗಿ ಮನೆಗೊಯ್ದು ಓದಿಕೊಳ್ಳಬಹುದಾದ, ಓದಲು ಬಾರದವರಿಗೆ ಚಿತ್ರ ನೋಡಿಯೇ ಅರ್ಥವಾಗುವ ಕೈಪಿಡಿಯನ್ನು ಚೀಟಿಯ ಜೊತೆಗೇ ಕೊಡಿಸಿ. ಪ್ರಶ್ನೆ ಕೇಳಲು ರೋಗಿಗೆ ಸಮಯ ಕೊಡಿಸಿ. ಈ ಕುರಿತು ಆದೇಶ ಎಂದು ಹೊರಡುತ್ತದೆ ಎಂಬುದನ್ನು ದಿನಾಂಕ ಸಹಿತ ಲಿಖಿತವಾಗಿ ತಿಳಿಸಬೇಕೆಂದು ಆಗ್ರಹಿಸುತ್ತೇನೆ.

ಇಂತಿ,
ಸೊಂಟನೋವಿನ ರೋಗಿಗಳಲ್ಲಿ ಒಬ್ಬರು