ಬರ್ನ್‌ಔಟ್‌ಗೆ ಮದ್ದು ಡ್ಯೂಟಿ ಪಟ್ಟಿಯಲ್ಲಿದೆ

ಮಾನ್ಯ ಸಂಪಾದಕರೆ,

ನರ್ಸ್‌ಗಳ ಬರ್ನ್‌ಔಟ್ ಬಗ್ಗೆ ಮಾತು ಬಂದಾಗಲೆಲ್ಲ ಆಸ್ಪತ್ರೆಗಳು ಧ್ಯಾನ ಶಿಬಿರವನ್ನೋ ಒತ್ತಡ ನಿರ್ವಹಣೆಯ ಉಪನ್ಯಾಸವನ್ನೋ ಏರ್ಪಡಿಸುತ್ತವೆ. ಆದರೆ ಇದು ಕಾಯಿಲೆಯಲ್ಲ, ಕೆಲಸದ ಸ್ಥಳದಲ್ಲಿ ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಒತ್ತಡದ ಫಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನ ಕೈಲಿ ಏನೂ ಆಗುತ್ತಿಲ್ಲ ಎನಿಸುವುದು ಅದರ ಮೂರು ಗುರುತು. ಕಾರಣ ಕೆಲಸದಲ್ಲಿದ್ದರೆ ಮೊದಲು ತಿದ್ದಬೇಕಾದದ್ದು ಡ್ಯೂಟಿ ಪಟ್ಟಿಯನ್ನು.

ಶುಶ್ರೂಷಾ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಆಸ್ಪತ್ರೆಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಬರ್ನ್‌ಔಟ್ ಸಂಭವ ಶೇ 23ರಷ್ಟು, ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚಿತ್ತು. ಆದ್ದರಿಂದ ಇದು ರೋಗಿಗಳ ಜೀವದ ಪ್ರಶ್ನೆಯೂ ಹೌದು. ಹಾಗೆಂದು ತಲೆ ಎಣಿಸಿದರೆ ಸಾಲದು. ಹತ್ತು ಹಾಸಿಗೆಯ ವಾರ್ಡಿನಲ್ಲಿ ಮಧ್ಯಾಹ್ನ ಮೂವರು ಡಿಸ್ಚಾರ್ಜ್ ಆಗಿ ಮೂವರು ಹೊಸಬರು ಸೇರಿದರೆ ರಾತ್ರಿಯ ಎಣಿಕೆಯಲ್ಲಿ ಕಾಣುವುದು ಹತ್ತೇ ಮಂದಿ. ಆದರೆ ಆ ದಿನ ಆದದ್ದು ಹದಿಮೂರು ಮಂದಿಯ ಕೆಲಸ. ಅಡ್ಮಿಷನ್, ಡಿಸ್ಚಾರ್ಜ್‌ಗಳನ್ನೂ ಲೆಕ್ಕಕ್ಕೆ ಹಿಡಿದೇ ಸಿಬ್ಬಂದಿ ಹಾಕಬೇಕು.

ಶಿಫ್ಟ್‌ಗಳ ನಡುವಿನ ಬಿಡುವಿನಲ್ಲಿ ಬಹಳಷ್ಟು ತಪ್ಪಾಗುತ್ತದೆ. ರಾತ್ರಿ 9ಕ್ಕೆ ಡ್ಯೂಟಿ ಮುಗಿಸಿದವರನ್ನು ಮರುದಿನ ಬೆಳಿಗ್ಗೆ 7ಕ್ಕೆ ಹಾಕಿದರೆ ಪಟ್ಟಿಯಲ್ಲಿ ಹತ್ತು ತಾಸು ಕಾಣುತ್ತದೆ. ಹ್ಯಾಂಡೋವರ್ (ಮುಂದಿನ ಶಿಫ್ಟ್‌ನವರಿಗೆ ರೋಗಿಗಳ ವಿವರ ಒಪ್ಪಿಸುವುದು), ಪ್ರಯಾಣ, ಊಟ, ಸ್ನಾನ ಕಳೆದರೆ ನಿದ್ದೆಗೆ ಉಳಿಯುವುದು ಐದಾರು ತಾಸು. ಕನಿಷ್ಠ 11 ತಾಸು ಬಿಡುವು ಇರಲೇಬೇಕು. ಶಿಫ್ಟ್ ಬದಲಾವಣೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಸಾಗಲಿ. ಮಲಗುವ ಹೊತ್ತನ್ನು ಹಿಂದಕ್ಕೆಳೆಯುವುದಕ್ಕಿಂತ ಮುಂದೂಡುವುದು ದೇಹಕ್ಕೆ ಸುಲಭ. ಸತತ ನೈಟ್ ಡ್ಯೂಟಿ ಮೂರಕ್ಕೆ ನಿಲ್ಲಲಿ, ಆಮೇಲೆ ಎರಡು ಪೂರ್ತಿ ದಿನ ರಜೆ ಸಿಗಲಿ. ನೈಟ್ ಮುಗಿಸಿ ಮಲಗಿದ ದಿನವನ್ನೇ ರಜೆ ಎಂದು ಬರೆಯುವುದು ಅನ್ಯಾಯ. ನಸುಕಿನಲ್ಲಿ ಕಣ್ಣು ಎಳೆಯುವ ಹೊತ್ತಿಗೆ 20 ನಿಮಿಷ ಮಲಗಲು ಬಿಟ್ಟರೆ ಒಳ್ಳೆಯದು. ಅದಕ್ಕಿಂತ ಬಹಳ ಹೆಚ್ಚಾದರೆ ನಿದ್ದೆ ಗಾಢವಾಗಿ, ಎದ್ದ ಮೇಲೂ ಮಂಪರು ಉಳಿಯುತ್ತದೆ. ಆಗ ಔಷಧದ ಲೆಕ್ಕ ತಪ್ಪಬಹುದು.

ಊಟದ ಬಿಡುವು ಎಂದು ಬರೆದರೆ ಸಾಲದು, ಆ ಹೊತ್ತಿಗೆ ಯಾರ ರೋಗಿಗಳನ್ನು ಯಾರು ನೋಡಿಕೊಳ್ಳಬೇಕೆಂದು ಹೆಸರು ಬರೆಯಬೇಕು. ಹೆಸರಿಲ್ಲದಿದ್ದರೆ ಕಾಲ್ ಬೆಲ್ ಹೊಡೆದಾಗ ತಟ್ಟೆ ಬಿಟ್ಟು ಏಳುವವರು ಊಟಕ್ಕೆ ಕೂತವರೇ. ಹ್ಯಾಂಡೋವರ್‌ನ ಅರ್ಧ ತಾಸನ್ನೂ ಸಂಬಳದ ಸಮಯಕ್ಕೇ ಸೇರಿಸಬೇಕು.

ಬರ್ನ್‌ಔಟ್ ಗುರುತಿಸಲು ವಾರ್ಡ್ ಇನ್‌ಚಾರ್ಜ್‌ಗಳು ಅಳುವನ್ನೋ ಜಗಳವನ್ನೋ ಕಾಯುತ್ತ ಕೂರಬಾರದು. ಮೊದಲು ಕೈಬಿಟ್ಟುಹೋಗುವುದು ಯಾರೂ ದಾಖಲಿಸದ ಕೆಲಸಗಳು: ರೋಗಿಯ ಜೊತೆ ಎರಡು ಮಾತು, ಬಾಯಿಯ ಸ್ವಚ್ಛತೆ, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವುದು, ಮನೆಯವರಿಗೆ ತಿಳಿಹೇಳುವುದು. ಹೀಗೇಕೆ ಎಂದು ಗದರುವ ಬದಲು ಆ ಶಿಫ್ಟ್‌ನಲ್ಲಿ ಕೈ ಎಷ್ಟಿದ್ದವು ಎಂದು ನೋಡಿ. ಚಾರ್ಟ್‌ಗಳನ್ನೆಲ್ಲ ಕೊನೆಗೆ ಒಟ್ಟಿಗೆ ತುಂಬುವುದು, ಒಂದೇ ಶಿಫ್ಟ್‌ಗೆ ಮತ್ತೆ ಮತ್ತೆ ದಿಢೀರ್ ಸಿಕ್ ಲೀವ್ ಬರುವುದು ಕೂಡ ಸೂಚನೆಗಳೇ. ಏನು ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗದೆ ಹೋದ ಸಂಕಟ ದಣಿವಿಗಿಂತ ಆಳಕ್ಕಿಳಿಯುತ್ತದೆ. ವಾರ್ಡಿನಲ್ಲಿ ಸಾವಾದ ದಿನ ಯಾರನ್ನೂ ದೂರದೆ ಹದಿನೈದು ನಿಮಿಷ ಕೂತು ಮಾತಾಡಲು ಅವಕಾಶವಿರಲಿ.

ರಜೆಯಲ್ಲೂ ಮನಸ್ಸು ಏಳದಿದ್ದರೆ, ಬದುಕೇ ಬೇಡವೆನಿಸಿದರೆ ಅದನ್ನು ಬರ್ನ್‌ಔಟ್ ಎಂದು ಸುಮ್ಮನಾಗದೆ ತಡಮಾಡದೆ ವೈದ್ಯರ ನೆರವು ಕೊಡಿಸಬೇಕು. ಆ ವಿವರ ಬಡ್ತಿಯ ಕಡತಕ್ಕೆ ಹೋಗುವುದಿಲ್ಲವೆಂದು ಆಡಳಿತ ಲಿಖಿತವಾಗಿ ತಿಳಿಸಬೇಕು. ಆ ಭರವಸೆ ಇಲ್ಲದ ಕಡೆ ಯಾರೂ ಬಾಯಿಬಿಡುವುದಿಲ್ಲ.

– ಶುಶ್ರೂಷಾ ವೃತ್ತಿಯ ಓದುಗರು